ಮಂಗಲಾಳ ಕೈಯಲ್ಲಿ ಮಾತ್ರ ನಿಲ್ಲುತ್ತಿದ್ದ ಕಾರು

ಕೊರೋನಾ ನಿರ್ಬಂಧಗಳು ಮುಗಿದ ಮೇಲಿನ ಎರಡನೆಯ ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಬಸ್ ಡಿಪೋ ಕಾರ್ಯಾಗಾರದಲ್ಲಿ ಮೂವತ್ತೊಂದು ವರ್ಷ ದುಡಿದು, ಚಾರ್ಜ್‌ಮನ್ ಹುದ್ದೆಯಿಂದ ನಾನು ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಚಾರ್ಜ್‌ಮನ್ ಎಂದರೆ ಒಂದು ಪಾಳಿಯ ಮೆಕ್ಯಾನಿಕ್‌ಗಳ ಮೇಲ್ವಿಚಾರಕ. ಬಸ್ಸು ಸರಿಯಾಗಿದೆ, ರಸ್ತೆಗೆ ಬಿಡಬಹುದು ಎಂದು ಸಹಿ ಹಾಕುವವನು. ಕಾರವಾರದ ಹತ್ತಿರ ಕಿನ್ನರದ ಮನೆಯಲ್ಲಿ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ಸ್ಕೂಟರಿನ ಹಿಂದೆ ಹತ್ಯಾರಗಳ ಪೆಟ್ಟಿಗೆ ಕಟ್ಟಿಕೊಂಡು, ಕರೆದವರ ಮನೆಯಂಗಳಕ್ಕೇ ಹೋಗಿ ಕಾರು ನೋಡುವ ಕೆಲಸ ಹಿಡಿದೆ. ಕಾರಿನ ಸಾಮಾನ್ಯ ದೋಷಗಳಿಗೆ ದೊಡ್ಡ ಗ್ಯಾರೇಜು ಬೇಕಿಲ್ಲ. ಒಂದು ಮಲ್ಟಿಮೀಟರ್, ಒಂದು ಜಾಕ್, ನಾಲ್ಕು ಸ್ಪ್ಯಾನರ್, ಎರಡು ಒಳ್ಳೆಯ ಕಿವಿಗಳಿದ್ದರೆ ಸಾಕು ಎಂಬುದು ನನ್ನ ನಂಬಿಕೆಯಾಗಿತ್ತು. ಆ ಕಿವಿಗಳ ವಿಷಯದಲ್ಲಿ ನನಗಿದ್ದ ಹೆಮ್ಮೆಯನ್ನು ಇಳಿಸಿದ ಪ್ರಕರಣ ಇದು.

ಒಂದು ಬುಧವಾರ ಅಂಕೋಲಾ ತಾಲೂಕಿನ ಭಾವಿಕೇರಿಯಿಂದ ದಾಮೋದರ ಎಂಬವರು ಫೋನ್ ಮಾಡಿದರು. ಅವರು ಮೀನುಗಾರ ಮನೆತನದವರು. ಬಹಳ ವರ್ಷ ಟ್ರಾಲರ್ ಬೋಟಿನ ತಾಂಡೇಲರಾಗಿದ್ದರು, ಅಂದರೆ ಸಮುದ್ರದ ಮೇಲೆ ಬೋಟಿನ ಯಜಮಾನಿಕೆ ಅವರದು. ಮೊಣಕಾಲು ಕೈಕೊಟ್ಟ ಮೇಲೆ ಟ್ರಾಲರ್ ಬಿಟ್ಟು, ಪೆಟ್ರೋಲ್ ಇಂಜಿನ್ನಿನ ಸಣ್ಣ ದೋಣಿಯಲ್ಲಿ ದಡದ ಹತ್ತಿರವೇ ಬಲೆ ಬಿಡುತ್ತಿದ್ದರು. ಬೈತಖೋಲ ಬಂದರಿನಲ್ಲಿ ಮೀನು ಕೊಳ್ಳುವಾಗ ನಮಗೆ ಪರಿಚಯವಾಗಿತ್ತು.

"ನಾಯ್ಕರೇ, ಒಂದ್ಸಲ ನಮ್ಮನೆಗೆ ಬಂದು ಹೋಗ್ಬೇಕು. ಗಾಡಿಗೆ ಎಂತದೂ ಆಗಲಿಲ್ಲ. ಆಗಲಿಲ್ಲ ಅಂದೇಳಿ ನೀವು ಬಾಯ್ಬಿಟ್ಟು ಹೇಳಿದ್ರೆ ಸಾಕು."

"ಎಂತದೂ ಆಗದ ಗಾಡಿ ನೋಡೂಕೆ ನಾ ಯಾಕೆ ದಾಮೋದರಣ್ಣ?"

"ನಮ್ಮ ತಮ್ಮನ ಹೆಂಡ್ತಿ ನಂಬೂದಿಲ್ಲ ಮಾರಾಯ್ರೇ. ಗಾಡಿ ನಿಲ್ತದೆ, ನಿಲ್ತದೆ ಅಂತಾಳೆ. ನಿಲ್ಲೂದು ಅವ್ಳ ಕೈಯಲ್ಲಿ ಮಾತ್ರ. ನನ್ನ ಕೈಯಲ್ಲಿ ಒಂದಿನಾನೂ ನಿಲ್ಲಲಿಲ್ಲ."

ವಿಷಯ ಹೀಗಿತ್ತು. ದಾಮೋದರರ ತಮ್ಮ ಟ್ರಾಲರಿನಲ್ಲಿ ಕೆಲಸ ಮಾಡುವವನು. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಸಮುದ್ರದ ಮೇಲೆಯೇ. ಅವನ ಹೆಂಡತಿ ಮಂಗಲಾ ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು, ಬಸ್ಸು ಹತ್ತಿ ಇಳಿದು ಮೀನು ಮಾರುತ್ತಿದ್ದಳು. ನಲವತ್ತೊಂದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಹಳೆಯ ಪೆಟ್ರೋಲ್ ಕಾರೊಂದನ್ನು ತನ್ನದೇ ಉಳಿತಾಯದಲ್ಲಿ ಕೊಂಡಳು. ಹಿಂದಿನ ಸೀಟಿನ ಬೆನ್ನು ಮಡಿಸಿ ಐಸ್ ತುಂಬಿದ ಡಬ್ಬಗಳನ್ನು ಇಡುವಷ್ಟು ಜಾಗ ಮಾಡಿಕೊಂಡಳು. ಬೆಳಗಿನ ಹರಾಜಿಗೆ ಬೈತಖೋಲ ಮುಟ್ಟಿ, ಒಂಬತ್ತು ಗಂಟೆಯೊಳಗೆ ಅಂಕೋಲೆಯ ಖಾನಾವಳಿಗಳಿಗೆ ಮತ್ತು ಖಾಯಂ ಮನೆಗಳಿಗೆ ಬಂಗುಡೆ, ತಾರ್ಲೆ ಮೀನು ಮುಟ್ಟಿಸುತ್ತಿದ್ದಳು. ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆದಿತ್ತು. ಆ ಮಳೆಗಾಲ ಕಳೆದದ್ದೇ ಕಾರು ದಾರಿಯ ಮಧ್ಯೆ ನಿಲ್ಲತೊಡಗಿತು. ಹಿಂದಿನ ಶನಿವಾರವಂತೂ ಬಿಣಗಾದ ಏರಿನಲ್ಲಿ ನಿಂತಾಗ, ಹಿಂದೆ ಬರುತ್ತಿದ್ದ ಲಾರಿ ಒಂದು ಮಾರು ದೂರದಲ್ಲಿ ಬ್ರೇಕ್ ಹಾಕಿ ಉಳಿಸಿತ್ತು. ಆ ದಿನ ದಾಮೋದರರು ತೀರ್ಮಾನಿಸಿಬಿಟ್ಟರು: ಕಾರು ಮಾರುವುದು. ಕುಮಟೆಯವರೊಬ್ಬರು ಭಾನುವಾರ ಸಂಜೆ ಬಂದು ಒಯ್ಯುವುದೆಂದೂ ಮಾತಾಗಿತ್ತು.

ಗುರುವಾರ ಬೆಳಿಗ್ಗೆ ನಾನು ಭಾವಿಕೇರಿ ತಲುಪಿದೆ. ಕೆಂಪು ಮಣ್ಣಿನ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರದಡಿ ಕಾರು ನಿಂತಿತ್ತು. ಮಂಗಲಾ ಬಾಗಿಲ ಕಂಬ ಹಿಡಿದು ನಿಂತಿದ್ದಳು. ನಾಲ್ಕೈದು ದಿನದಿಂದ ಕಾರು ಮುಟ್ಟಲು ಅವಳಿಗೆ ಬಿಟ್ಟಿರಲಿಲ್ಲ.

"ಹೇಗೆ ನಿಲ್ತದೆ, ಹೇಳು ತಂಗಿ," ಎಂದೆ.

ಅವಳು ಬಾಯಿ ತೆರೆಯುವ ಮೊದಲೇ ದಾಮೋದರರು ಹೇಳಿದರು: "ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸ್ತಾಳೆ. ಏರಿನಲ್ಲಿ ಗೇರ್ ಬದಲಿಸೂದಿಲ್ಲ. ನಿಲ್ಲದೆ ಎಂತ ಮಾಡ್ತದೆ?"

ನಾನು ಅವಳತ್ತ ಮತ್ತೆ ನೋಡಬೇಕಿತ್ತು. ನೋಡಲಿಲ್ಲ. ಬಾನೆಟ್ ಎತ್ತಿದೆ.

ಕಾರು ನಿಲ್ಲಲು ಮೂರೇ ದಾರಿ: ಗಾಳಿ ಸಾಲದೆ, ಪೆಟ್ರೋಲ್ ಸಾಲದೆ, ಅಥವಾ ಕಿಡಿ ಸಾಲದೆ. ಏರ್ ಫಿಲ್ಟರ್ ತೆಗೆದು ನೋಡಿದೆ, ಶುದ್ಧವಿತ್ತು. ಸ್ಪಾರ್ಕ್ ಪ್ಲಗ್ಗುಗಳ ತುದಿ ತೆಳು ಕಂದು ಬಣ್ಣಕ್ಕಿತ್ತು. ಇಂಜಿನ್ನಿನ ಆರೋಗ್ಯಕ್ಕೆ ಅದು ಒಳ್ಳೆಯ ಗುರುತು. ಪೆಟ್ರೋಲ್ ಒತ್ತಡ ಅಳೆದೆ, ಸರಿಯಿತ್ತು. ಸ್ಕ್ಯಾನರ್ ಹಚ್ಚಿದೆ. ಕಾರಿನ ಕಂಪ್ಯೂಟರ್ ತನ್ನ ನೆನಪಿನಲ್ಲಿಟ್ಟ ದೋಷಗಳನ್ನು ಓದಿ ಹೇಳುವ ಸಾಧನ ಅದು. ಅದರಲ್ಲೂ ಏನೂ ಇರಲಿಲ್ಲ. ಇಂಧನದ ಮುಳ್ಳು ಕಾಲು ಟ್ಯಾಂಕಿನ ಗೆರೆಯ ಮೇಲಿತ್ತು. ಅದನ್ನು ಕಂಡೆ, ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಬ್ಯಾಟರಿಯ ಅರ್ಥ್ ತಂತಿ ಕೈಗೆ ಸಿಕ್ಕಿತು. ಬ್ಯಾಟರಿಯನ್ನು ಕಾರಿನ ಲೋಹದ ಮೈಗೆ ಜೋಡಿಸುವ ದಪ್ಪ ತಂತಿ ಇದು. ಇದು ಸಡಿಲವಾದರೆ ಇಡೀ ಕಾರಿನ ವಿದ್ಯುತ್ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಅದರ ತುದಿ ಹಸಿರುಗಟ್ಟಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ನನಗೆ ಒಳಗೊಳಗೇ ಸಂತೋಷವಾಯಿತು. ಕರಾವಳಿಯ ಉಪ್ಪುಗಾಳಿ, ಮೇಲಿಂದ ಮೀನಿನ ಐಸಿನ ನೀರು. ಇದಕ್ಕಿಂತ ಚಂದದ ಕಾರಣ ಬೇಕೇ? ತುದಿ ಕತ್ತರಿಸಿ ಹೊಸದು ಕೂರಿಸಿ, ಉಜ್ಜಿ, ಗ್ರೀಸ್ ಬಳಿದು ಬಿಗಿ ಮಾಡಿದೆ. ದಾಮೋದರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಗಾದವರೆಗೆ ಹೋಗಿ ಬಂದೆ. ಐವತ್ತು ಕಿಲೋಮೀಟರಿಗೂ ಮೇಲೆ ಓಡಿತು, ಒಮ್ಮೆಯೂ ತೊದಲಲಿಲ್ಲ.

ಅಂಗಳಕ್ಕೆ ಬಂದು ಮಂಗಲಾಳಿಗೆ ಹೇಳಿದೆ: "ಅರ್ಥಿಂಗ್ ದೋಷ ಇತ್ತು. ಸರಿಯಾಯ್ತು." ಅಷ್ಟಕ್ಕೆ ಸುಮ್ಮನಾಗಿದ್ದರೆ ಇಂದು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮನೆಯ ಹಿರಿಯರಿಗೂ ಒಂದು ಸಮಾಧಾನವಿರಲಿ ಎಂದು ಮುಂದುವರಿಸಿದೆ: "ಏರಿನಲ್ಲಿ ಮಾತ್ರ ಸ್ವಲ್ಪ ಗೇರ್ ನೋಡ್ಕಂಡು ಓಡ್ಸು ತಂಗಿ."

ಅವಳ ಮುಖ ಇಳಿಯಿತು. "ಆಯ್ತು ಅಣ್ಣಾ," ಎಂದಷ್ಟೇ ಹೇಳಿ ಒಳಗೆ ಹೋದಳು.

ದಾಮೋದರರು ಒಂದು ಮಾತು ಕೊಟ್ಟರು. ಇನ್ನೆರಡು ದಿನ ಅವಳು ಓಡಿಸಲಿ. ನಿಲ್ಲದಿದ್ದರೆ ಮಾರಾಟದ ವಿಚಾರ ಮತ್ತೆ ನೋಡೋಣ, ನಿಂತರೆ ಭಾನುವಾರ ಕಾರು ಹೋಗುವುದೇ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮಂಗಲಾಳ ಫೋನ್ ಬಂತು. ಹಿನ್ನೆಲೆಯಲ್ಲಿ ಹರಾಜಿನ ಕೂಗು. "ಅಣ್ಣಾ, ನಿಲ್ಲಲೇ ಇಲ್ಲ! ಸೀದಾ ಬಂದೆ!" ನಾನು ಮನೆಯವಳಿಗೆ ಆ ಮಾತನ್ನು ಎರಡು ಸಲ ಹೇಳಿದೆ, ಚಹಾ ಕುಡಿಯುವಾಗೊಮ್ಮೆ, ಊಟಕ್ಕೆ ಕೂತಾಗೊಮ್ಮೆ.

ಶನಿವಾರ ಬೆಳಿಗ್ಗೆ ಮತ್ತೆ ಫೋನ್. ಈ ಬಾರಿ ಅವಳ ದನಿ ತೀರಾ ತಣ್ಣಗಿತ್ತು.

"ಅಮದಳ್ಳಿ ದಾಟಿ ನಿಂತದೆ ಅಣ್ಣಾ. ರಸ್ತೆ ಬದಿಗೆ ತಕಂಡೆ. ಗೇರ್ ನೋಡ್ಕಂಡೇ ಓಡ್ಸಿದೆ."

ಆ ಕೊನೆಯ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಸ್ಕೂಟರ್ ಹತ್ತಿ ಹೊರಟೆ. ಬೈತಖೋಲದ ಹತ್ತಿರ ಬರುವಷ್ಟರಲ್ಲಿ ಅವಳೇ ಮತ್ತೆ ಫೋನ್ ಮಾಡಿ, ಕಾರು ತಾನಾಗಿ ಚಾಲೂ ಆಯಿತು, ಬಂದರಿಗೆ ಬಂದಿದ್ದೇನೆ ಎಂದಳು. ಹರಾಜು ಬಹುತೇಕ ಮುಗಿದಿತ್ತು. ಒಳ್ಳೆಯ ಬಂಗುಡೆಯೆಲ್ಲ ಖಾಲಿಯಾಗಿ, ಅವಳ ಡಬ್ಬದಲ್ಲಿ ಅರ್ಧ ಮಾತ್ರ ಮೀನಿತ್ತು.

"ನೀವೂ ಭಾವ ಹೇಳಿದ್ದೇ ಹೇಳಿದ್ರಿ," ಎಂದಳು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಮೊದ್ಲು ತೋರ್ಸಿದ ಎರಡು ಗ್ಯಾರೇಜಿನವ್ರೂ ಅದೇ ಹೇಳಿದ್ರು. ನಾ ಒಬ್ಳೇ ಸುಳ್ಳು ಹೇಳೂದಾ?"

ನಾನು ಒಂದು ಖಾಲಿ ಮೀನಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತೆ. "ತಪ್ಪು ನಂದು. ಮೊದ್ಲಿಂದ ಹೇಳು. ನಾ ಮಧ್ಯೆ ಮಾತಾಡೂದಿಲ್ಲ," ಎಂದೆ.

ಅವಳು ಹೇಳಿದಳು. ಇಷ್ಟು ದಿನ ಯಾರೂ ಕೇಳದೆ ಉಳಿದಿದ್ದ ಮಾತುಗಳು ಒಂದರ ಹಿಂದೊಂದು ಬಂದವು. ಕಾರು ಒಮ್ಮೆಲೇ ನಿಲ್ಲುವುದಿಲ್ಲ. ಮೊದಲು ಹಿಂದಿನ ಸೀಟಿನ ಅಡಿಯಿಂದ ಒಂದು ಸದ್ದು ಬರುತ್ತದೆ. "ಸೊಳ್ಳೆ ಕಿವಿ ಹತ್ರ ಬಂದಂಗೆ, ಕೀಂಯ್ ಅಂದೇಳಿ." ಆಮೇಲೆ ಎರಡು ಮೂರು ಸಲ ಮುಗ್ಗರಿಸಿ ನಿಲ್ಲುತ್ತದೆ. ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಬಿಟ್ಟರೆ ಮತ್ತೆ ಚಾಲೂ. ಹೋಗುವಾಗ ನಿಲ್ಲುವುದೇ ಹೆಚ್ಚು. ವಾಪಸು ಬರುವಾಗ ಅಪರೂಪ. ಮೊದಮೊದಲು ಸೋಮವಾರ, ಗುರುವಾರ ಮಾತ್ರ ನಿಲ್ಲುತ್ತಿತ್ತು. ಕಳೆದ ಎರಡು ವಾರದಿಂದ ಹೆಚ್ಚುಕಡಿಮೆ ದಿನವೂ ನಿಲ್ಲುತ್ತಿದೆ.

"ಒಂದಿನ ಪೆಟ್ರೋಲೇ ಮುಗೀತೇನೋ ಅಂದೇಳಿ, ಡಿಕ್ಕಿಯಲ್ಲಿದ್ದ ಒಂದ್ ಬಾಟ್ಲಿ ಹಾಕ್ದೆ. ಹಾಕಿದ್ದೇ ಚಾಲೂ ಆಯ್ತು. ಎಲೆ ಅಡಿಕೆ ಹಾಕೂವಷ್ಟೂ ಕಾಯಲಿಲ್ಲ."

"ಆ ದಿನ ಮುಳ್ಳು ಎಲ್ಲಿತ್ತು?"

"ಅದೇ ಅಣ್ಣಾ ಸೋಜಿಗ. ಟ್ಯಾಂಕು ತುಂಬೇ ಇತ್ತು."

ನನ್ನ ಬೆನ್ನು ನೆಟ್ಟಗಾಯಿತು. "ಸೋಮವಾರ, ಗುರುವಾರ ನೀ ಎಂತ ಬೇರೆ ಮಾಡ್ತಿದ್ದೆ?"

"ಎಂತದೂ ಇಲ್ಲ. ಹೋಗುವಾಗ ಅಂಕೋಲೆ ಬಂಕಿನಲ್ಲಿ ಪೆಟ್ರೋಲ್ ಹಾಕಸ್ತಿದ್ದೆ ಅಷ್ಟೇ."

"ಈಗ?"

"ಈಗ ದಿನಾ ಹಾಕಸ್ತೆ. ಗ್ಯಾರೇಜಿನವ್ರು ಹೇಳಿದ್ರು, ಟ್ಯಾಂಕು ಕಡಿಮೆ ಇದ್ರೆ ಪಂಪು ಕಸ ಎಳೀತದೆ, ಯಾವಾಗ್ಲೂ ತುಂಬಿಸಿಡಿ ಅಂದೇಳಿ. ನಿನ್ನೆ ಒಂದಿನ ಗಡಿಬಿಡಿಯಲ್ಲಿ ಹಾಕಸ್ಲಿಲ್ಲ."

ನಿನ್ನೆ ಕಾರು ನಿಂತಿರಲಿಲ್ಲ. ಗುರುವಾರ ನಾನು ಓಡಿಸಿದಾಗ ಟ್ಯಾಂಕು ಕಾಲು ಭಾಗ ಮಾತ್ರ ಇತ್ತು, ಆಗಲೂ ನಿಂತಿರಲಿಲ್ಲ. ಆದರೆ ದಿನವೂ ತುಂಬಿಸುತ್ತಿದ್ದ ಟ್ಯಾಂಕು ಗುರುವಾರ ಕಾಲಿಗೆ ಇಳಿದದ್ದು ಹೇಗೆ? ಕೇಳಿದೆ.

"ಬಿಣಗಾದಲ್ಲಿ ನಿಂತ ಮೇಲೆ ಗಾಡಿ ಮನೆಯಲ್ಲೇ ಇತ್ತಲ್ಲ. ಭಾವ ದೋಣಿ ಇಂಜಿನ್ನಿಗೆ ಪೈಪು ಹಾಕಿ ಪೆಟ್ರೋಲ್ ತಕಂಡಿದ್ರು. ಮೊದ್ಲು ಅವ್ರು ಗಾಡಿ ಓಡ್ಸಿ ನೋಡಿದ್ದೂ ವಾರದ ಕೊನೆಗೇ, ಟ್ಯಾಂಕು ಇಳಿದ ಮೇಲೆ."

ಮೂವತ್ತೊಂದು ವರ್ಷದಲ್ಲಿ ಪೆಟ್ರೋಲ್, ಡೀಸೆಲ್ ಮುಗಿದು ನಿಂತ ಗಾಡಿಗಳನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೆ. ತುಂಬಿದ್ದಕ್ಕೇ ನಿಲ್ಲುವ ಗಾಡಿಯನ್ನು ಕಂಡಿರಲಿಲ್ಲ. ಆದರೆ ಅಂಥದ್ದು ಸಾಧ್ಯ ಎಂದು ಗೊತ್ತಿತ್ತು. ನನ್ನ ಊಹೆ ಸರಿಯೋ ತಪ್ಪೋ ತಿಳಿಯಲು ಒಂದೇ ದಾರಿ: ಕಾರನ್ನು ಬೇಕೆಂದೇ ನಿಲ್ಲುವಂತೆ ಮಾಡುವುದು. ಅದೂ ದಾಮೋದರರು ಒಳಗೆ ಕೂತಿರುವಾಗ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಮಂಗಲಾ ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ. ದಾಮೋದರರು ಹಿಂದಿನ ಸೀಟಿನ ಬೆನ್ನು ಎಬ್ಬಿಸಿ, ಒಲ್ಲದ ಮನಸ್ಸಿನಿಂದ ಕೂತಿದ್ದರು. ಅಂಕೋಲೆಯಲ್ಲಿ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಕಾರವಾರದ ಕಡೆ ತಿರುಗಿದೆವು.

ಕಾರು ನಿಲ್ಲಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು. ಅವರ್ಸಾ ದಾಟಿತು. ಹಾರವಾಡ ದಾಟಿತು. ಇಂಜಿನ್ ಬೆಣ್ಣೆಯಲ್ಲಿ ಕತ್ತಿ ಆಡಿದಂತೆ ಓಡುತ್ತಿತ್ತು. ಮಂಗಲಾಳ ಬೆರಳುಗಳು ಸ್ಟಿಯರಿಂಗ್ ಮೇಲೆ ಬಿಗಿಯಾಗಿದ್ದವು. ಅವಳ ಎಡಗಾಲನ್ನು ಗಮನಿಸಿದೆ. ಕ್ಲಚ್ಚಿನ ಹತ್ತಿರವೂ ಇರಲಿಲ್ಲ. ಏರು ಬಂದಾಗ ಇಂಜಿನ್ನಿನ ಸದ್ದು ಭಾರವಾಗುವ ಮೊದಲೇ ಗೇರ್ ಇಳಿಸುತ್ತಿದ್ದಳು. ನಮ್ಮ ಡಿಪೋದ ಎಷ್ಟೋ ಚಾಲಕರಿಗಿಂತ ಚೊಕ್ಕವಾಗಿ ಓಡಿಸುತ್ತಿದ್ದಳು. ಇದನ್ನು ನೋಡಲು ನನಗೆ ಗುರುವಾರವೇ ಅವಕಾಶವಿತ್ತು. ಆಗ ನಾನೇ ಸ್ಟಿಯರಿಂಗ್ ಹಿಡಿದು ಕೂತಿದ್ದೆ.

"ಇವತ್ತು ನಿಲ್ಲೂದಿಲ್ಲ," ಎಂದರು ದಾಮೋದರರು. "ಹೇಳಿದ್ನಲ್ಲ."

ಅಮದಳ್ಳಿ ಹತ್ತಿರ ಬರುತ್ತಿದ್ದಂತೆ ಮಂಗಲಾ ತಲೆ ಸ್ವಲ್ಪ ಓರೆ ಮಾಡಿದಳು. "ಬಂತು," ಎಂದಳು.

ನನಗೆ ಏನೂ ಕೇಳಲಿಲ್ಲ. ಕಿಟಕಿಯ ಗಾಜು ಏರಿಸಿದೆ. ಆಗ ಕೇಳಿತು. ಹಿಂದಿನಿಂದ, ಸೀಟಿನ ಅಡಿಯಿಂದ, ತೆಳ್ಳಗೆ ಎಳೆದ ಒಂದು ಕೀಂಯ್. ಪೆಟ್ರೋಲ್ ಪಂಪು ಇರುವುದು ಅಲ್ಲಿಯೇ, ಟ್ಯಾಂಕಿನ ಒಳಗೆ.

"ಕೇಳ್ತದಾ ಭಾವ?"

ದಾಮೋದರರು ಬಗ್ಗಿ ಸೀಟಿಗೆ ಕಿವಿ ಇಟ್ಟರು. ಬೋಟಿನ ಇಂಜಿನ್ನಿನ ಸದ್ದಿನಲ್ಲೇ ಆಯುಷ್ಯ ಕಳೆದವರಿಗೆ ಆ ಸದ್ದು ಆರೋಗ್ಯದ್ದಲ್ಲ ಎಂದು ಯಾರೂ ಹೇಳಬೇಕಿರಲಿಲ್ಲ. ಕಾರು ಒಮ್ಮೆ ಮುಗ್ಗರಿಸಿತು. ಮಂಗಲಾ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ವೇಗ ಉಳಿದಿರುವಾಗಲೇ ರಸ್ತೆಯ ಬದಿಗೆ ತಂದಳು. ಇನ್ನೆರಡು ಸಲ ಮುಗ್ಗರಿಸಿ ಇಂಜಿನ್ ನಿಂತಿತು. ಮುಳ್ಳು ತುಂಬಿದ ಗೆರೆಯ ಮೇಲೆಯೇ ಇತ್ತು.

ಯಾರನ್ನೂ ಕಾಯಿಸದೆ ಕೆಳಗಿಳಿದು, ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ಹಾಕಿ ತಿರುಗಿಸಿದೆ. ಮುಚ್ಚಳ ಸುಲಭವಾಗಿ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದಂತಿತ್ತು. ಜೋರಾಗಿ ಎಳೆದಾಗ 'ಸ್ಸ್ಸ್' ಎಂದು ಗಾಳಿ ಒಳಗೆ ನುಗ್ಗಿತು. ಆ ಸದ್ದು ಮೂರು ನಾಲ್ಕು ಸೆಕೆಂಡು ಮುಂದುವರಿಯಿತು.

"ಈಗ ಚಾಲೂ ಮಾಡು," ಎಂದೆ.

ಕೀಲಿ ತಿರುಗಿಸಿದ್ದೇ ಇಂಜಿನ್ ಎದ್ದಿತು.

ದಾಮೋದರರು ಕೆಳಗಿಳಿದು ಬಂದಿದ್ದರು. "ಟ್ಯಾಂಕು ತುಂಬಿರುವಾಗ ಪೆಟ್ರೋಲ್ ಸಾಲದೆ ನಿಲ್ಲೂದಾ? ಯಾವ ಲೆಕ್ಕದ ಮಾತು?"

ಕುಡಿಯುವ ನೀರಿನ ತೆಳು ಪ್ಲಾಸ್ಟಿಕ್ ಬಾಟಲಿಯೊಂದು ಕಾರಿನಲ್ಲಿತ್ತು. ಅದರ ಬಾಯಿಗೆ ಪೂರ್ತಿಯಾಗಿ ತುಟಿ ಹಚ್ಚಿ, ಎಲ್ಲೂ ಸಂದು ಬಿಡದೆ ನೀರು ಹೀರಲು ಹೇಳಿದೆ. ಅವರು ಹೀರಿದರು. ಬಾಟಲಿಯ ಪಕ್ಕೆಗಳು ಚಪ್ಪಟೆಯಾದವು. ಎರಡು ಗುಟುಕಿನ ನಂತರ ನೀರು ಬರುವುದು ನಿಂತಿತು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಬ್ರೀದರ್ ಪೈಪ್ ಎಂಬ ಸಣ್ಣ ಉಸಿರುಕೊಳವೆ ಇರುತ್ತದೆ. ಅದು ಮುಚ್ಚಿಹೋದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಟ್ಯಾಂಕಿನಲ್ಲಿ ಮೊದಲೇ ಬಹಳ ಗಾಳಿ ಇದ್ದರೆ, ಅಂದರೆ ಪೆಟ್ರೋಲ್ ಕಡಿಮೆಯಿದ್ದರೆ, ಆ ಗಾಳಿಯೇ ಹಿಗ್ಗಿ ಬಹಳ ಹೊತ್ತು ನಿಭಾಯಿಸುತ್ತದೆ. ತುಂಬಿದ ಟ್ಯಾಂಕಿನಲ್ಲಿ ಹಿಗ್ಗಲು ಗಾಳಿಯೇ ಇರುವುದಿಲ್ಲ. ಒಂದೆರಡು ಲೀಟರ್ ಖರ್ಚಾಗುವಷ್ಟರಲ್ಲಿ ಎಳೆತ ಬಿಗಿಯಾಗಿ ಬಿಡುತ್ತದೆ. ಸುಮ್ಮನೆ ನಿಲ್ಲಿಸಿಟ್ಟರೆ ಎಲ್ಲಿಂದಲೋ ಜಿನುಗಿ ಬರುವ ಗಾಳಿಯಿಂದ ಮತ್ತೆ ಸಡಿಲವಾಗುತ್ತದೆ. ಮಂಗಲಾಳ ಎಲೆ ಅಡಿಕೆಯ ಹೊತ್ತು ಅದೇ. ಅವಳು ಬಾಟಲಿ ಪೆಟ್ರೋಲ್ ಹಾಕಿದ ದಿನ ಕಾರನ್ನು ಎಬ್ಬಿಸಿದ್ದು ಪೆಟ್ರೋಲ್ ಅಲ್ಲ, ಹಾಕಲು ತೆರೆದ ಮುಚ್ಚಳ.

ಒಂದು ಸಲ ಕಂಡದ್ದು ಸಾಕ್ಷಿಯಲ್ಲ. ಮುಚ್ಚಳಕ್ಕೆ ಬೀಗ ಹಾಕದೆ, ಗಾಳಿಯಾಡುವಷ್ಟು ಸಡಿಲ ಬಿಟ್ಟು, ನಿಧಾನವಾಗಿ ಓಡಿಸುತ್ತ ಭಾವಿಕೇರಿಗೆ ಮರಳಿದೆವು. ಪೆಟ್ರೋಲ್ ಚೆಲ್ಲುವ ಅಪಾಯವಿರುವುದರಿಂದ ಇದನ್ನು ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ. ಪರೀಕ್ಷೆಗೆಂದು ಒಮ್ಮೆ ಮಾಡಿದ್ದು. ದಾರಿಯುದ್ದಕ್ಕೂ ಮೂವರೂ ಆ ಕೀಂಯ್ ಸದ್ದಿಗೆ ಕಿವಿಗೊಟ್ಟು ಕೂತಿದ್ದೆವು. ಅದು ಬರಲಿಲ್ಲ.

ಇನ್ನು ಉಸಿರುಕೊಳವೆ ಏಕೆ ಮುಚ್ಚಿತು ಎಂಬುದು ಉಳಿದಿತ್ತು. ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಗಟ್ಟಿ ಆಧಾರ ಇಟ್ಟು, ಹಿಂದಿನ ಒಂದು ಚಕ್ರ ಬಿಚ್ಚಿದೆ. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ತಲೆ ಹಾಕಬಾರದು. ಮನೆಯಲ್ಲಿ ಕೆಲಸ ಮಾಡುವವರು ಬೇರೇನನ್ನು ಮರೆತರೂ ಇದನ್ನು ಮರೆಯಬಾರದು. ಚಕ್ರದ ಕಮಾನಿನ ಒಳಮೂಲೆಯಲ್ಲಿ, ಕೆಸರು ಸಿಡಿಯದ ಮರೆಯಲ್ಲಿ, ಕಿರುಬೆರಳಿನ ದಪ್ಪದ ರಬ್ಬರ್ ಕೊಳವೆಯ ತುದಿ ಇತ್ತು. ಟಾರ್ಚ್ ಹಾಕಿದೆ. ಕೊಳವೆಯ ಬಾಯಿಗೆ ಕೆಂಪು ಮಣ್ಣಿನ ಗುಂಡನೆಯ ಬಿರಡೆ ಹಾಕಿದಂತಿತ್ತು. ಚಕ್ರ ಎರಚಿದ ಮಣ್ಣು ಅಷ್ಟು ನುಣ್ಣಗೆ ಕೂರುವುದಿಲ್ಲ. ಯಾರೋ ಕೈಯಾರೆ ಮೆತ್ತಿದ ಹಾಗಿತ್ತು.

ನನ್ನ ಪಕ್ಕದಲ್ಲಿ ಬಗ್ಗಿದ್ದ ಮಂಗಲಾ ಒಂದೇ ನೋಟಕ್ಕೆ ಗುರುತಿಸಿದಳು. "ಕುಂಬಾರ ಹುಳದ ಮನೆ ಅಣ್ಣಾ! ನಮ್ಮನೆ ಕಿಟಕಿ ಸಂದಿಯಲ್ಲೆಲ್ಲ ಕಟ್ತದೆ."

ಕೊಳವೆಯನ್ನು ಕಳಚಿ, ತಂತಿಯಿಂದ ಮೆಲ್ಲಗೆ ಮಣ್ಣು ಕೆದಕಿ ಬಿಳಿ ಕಾಗದದ ಮೇಲೆ ಉದುರಿಸಿದೆವು. ಎರಡು ಅಂಗುಲ ಉದ್ದಕ್ಕೆ ಸಣ್ಣ ಕೋಣೆಗಳು, ಕೋಣೆಗೊಂದು ಮಣ್ಣಿನ ಗೋಡೆ. ಒಳಗೆ ಚಲನೆಯಿಲ್ಲದ ಪುಟ್ಟ ಜೇಡಗಳು, ಒಂದು ಕೋಣೆಯಲ್ಲಿ ಹಳದಿ ಬಿಳುಪಿನ ಮರಿಹುಳ. ತನ್ನ ಮರಿಗಾಗಿ ಜೇಡಗಳನ್ನು ಕುಟುಕಿ ತಂದು, ಆಹಾರ ಕೂಡಿಟ್ಟು, ಬಾಗಿಲು ಮೆತ್ತಿ ಹೋಗಿತ್ತು ಆ ಹುಳ. ಮಳೆ ಬಿಟ್ಟ ಮೇಲೆ ಅಂಗಳದ ಹಸಿ ಮಣ್ಣು ಅದಕ್ಕೆ ಬೇಕಾದಷ್ಟು ಸಿಕ್ಕಿತ್ತು. ಮೂವರು ದೊಡ್ಡವರು ಕಾಗದದ ಸುತ್ತ ಕುಕ್ಕರುಗಾಲಲ್ಲಿ ಕೂತು, ಬಂದ ಕೆಲಸವನ್ನೇ ಮರೆತು ಅದನ್ನು ನೋಡುತ್ತಿದ್ದೆವು.

"ಇಷ್ಟು ಸಣ್ಣ ಜೀವ ಅಷ್ಟು ದೊಡ್ಡ ಇಂಜಿನ್ ನಿಲ್ಸಿತು," ಎಂದರು ದಾಮೋದರರು.

ಅದೊಂದೇ ಅಲ್ಲ ಎಂದು ನನಗೆ ಅನುಮಾನವಿತ್ತು. ಉಸಿರುಕೊಳವೆ ಮುಚ್ಚಿದರೂ ಕಾರು ನಿಲ್ಲದಂತೆ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಒಳಗೆ ಎಳೆತ ಹೆಚ್ಚಾದರೆ ಅದು ತೆರೆದು ಗಾಳಿ ಬಿಡುತ್ತದೆ. ಮಂಗಲಾಳ ಮುಚ್ಚಳವನ್ನು ತಿರುಗಿಸಿ ನೋಡಿದೆ. ಒಳಗೆ ಬರೀ ಸಪಾಟು ರಬ್ಬರ್. ಹಿಂದಿನ ವರ್ಷ ಪೆಟ್ರೋಲ್ ಹಾಕಿಸಿದ ಮೇಲೆ ಮುಚ್ಚಳ ಹಾಕಲು ಮರೆತು, ಮೂಲದ್ದು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಬದಲಿಗೆ ಬೀಗವಿರುವ ಅಗ್ಗದ ಮುಚ್ಚಳ ತಂದಿದ್ದಳು. ವಾಲ್ವಿಲ್ಲದ ಆ ಮುಚ್ಚಳದಿಂದ ಒಂದು ವರ್ಷ ಏನೂ ತೊಂದರೆಯಾಗಲಿಲ್ಲ, ಏಕೆಂದರೆ ಕೊಳವೆ ತೆರೆದಿತ್ತು. ಮೂಲ ಮುಚ್ಚಳವಿದ್ದಿದ್ದರೆ ಹುಳ ಗೂಡು ಕಟ್ಟಿದ್ದೂ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡೂ ಒಟ್ಟಾದಾಗ ಟ್ಯಾಂಕು ಉಸಿರುಗಟ್ಟಿತು.

ಕೊಳವೆಯನ್ನು ತೊಳೆದು ಗಾಳಿ ಊದಿ, ಅದರ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ ಮತ್ತೆ ಕೂರಿಸಿದೆ. ಸರಿಯಾದ ಮುಚ್ಚಳ ಮರುದಿನ ಕಾರವಾರದಲ್ಲಿ ಸಿಕ್ಕಿತು. ಬಿಚ್ಚಿ ಜೋಡಿಸಿದ್ದೆಲ್ಲ ಸೇರಿ ಒಂದೂವರೆ ತಾಸಿನ ಕೆಲಸ. ಹೊಸ ಬಿಡಿಭಾಗವೆಂದರೆ ಆ ಮುಚ್ಚಳ ಒಂದೇ.

ಸಂಜೆ ನಾಲ್ಕಕ್ಕೆ ಕುಮಟೆಯವರು ಬಂದಾಗ ನಾನು ಕೈ ತೊಳೆದು ಚಹಾ ಕುಡಿಯುತ್ತಿದ್ದೆ. ಮಂಗಲಾ ಎದ್ದು ನಿಂತಳು. ದಾಮೋದರರೇ ಅಂಗಳಕ್ಕಿಳಿದರು.

"ಗಾಡಿ ಕೊಡೂದಿಲ್ಲ. ನಿಮ್ಗೆ ಸುಮ್ನೆ ಓಡಾಟ ಆಯ್ತು, ಚಹಾ ಕುಡ್ದು ಹೋಗಿ."

"ಯಾಕೆ? ನಿಲ್ಲೂ ಗಾಡಿ ಅಂದೇಳಿ ನೀವೇ ಹೇಳಿದ್ದಲ್ವಾ?"

"ನಾ ಹೇಳಿದ್ದು ತಪ್ಪು. ಅವ್ಳು ಹೇಳಿದ್ದು ಸಮ."

ಮಂಗಲಾಳ ಎದುರು ಅವರು ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನಾನು ಮಾತ್ರ ಹೊರಡುವ ಮೊದಲು ಅವಳ ಹತ್ತಿರ ಹೋಗಿ, "ಗೇರಿನ ಮಾತು ಆಡಬಾರದಿತ್ತು ತಂಗಿ," ಎಂದೆ. ಅವಳು ನಕ್ಕು, "ಬಿಡಿ ಅಣ್ಣಾ, ನೀವು ಕೂತ್ಕಂಡು ಕೇಳಿದ್ರಲ್ಲ," ಎಂದು ಎಂಟು ಬಂಗುಡೆ ಕಟ್ಟಿಕೊಟ್ಟಳು. ಆ ಕಾರು ಅದಾದ ಮೇಲೆ ಆ ಕಾರಣಕ್ಕೆ ನಿಂತಿಲ್ಲ. ಕಳೆದ ವರ್ಷ ಅದನ್ನು ಬದಲಿಸಿ ಅವಳು ದೊಡ್ಡದೊಂದು ವಾಹನ ಕೊಂಡಿದ್ದಾಳೆ.

ಆ ಸಂಜೆ ಕಿನ್ನರಕ್ಕೆ ಮರಳುವಾಗ ಡಿಪೋದ ದೂರು ಪುಸ್ತಕ ನೆನಪಾಯಿತು. ಪಾಳಿ ಮುಗಿಸಿ ಬಂದ ಚಾಲಕ ಬಸ್ಸಿನ ತೊಂದರೆಯನ್ನು ಅದರಲ್ಲಿ ಬರೆಯುತ್ತಾನೆ. ಪರೀಕ್ಷಿಸಿ ಎದುರಿನ ಕಾಲಮಿನಲ್ಲಿ ನಾವು ಉತ್ತರ ಬರೆಯುತ್ತೇವೆ. ನಮ್ಮ ಪರೀಕ್ಷೆಯಲ್ಲಿ ತೊಂದರೆ ಕಾಣಿಸದಿದ್ದರೆ 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾ‌ಕುವುದು ರೂಢಿ. ಅದರ ನಿಜವಾದ ಅರ್ಥ 'ನನಗೆ ಕಂಡಿಲ್ಲ' ಎಂದಷ್ಟೇ. ಆದರೆ ಓದುವವರಿಗೆ ಅದು 'ದೋಷವಿಲ್ಲ' ಎಂದೂ, ಸ್ವಲ್ಪ ದಿನ ಕಳೆದರೆ 'ದೋಷ ಚಾಲಕನದ್ದು' ಎಂದೂ ಕೇಳಿಸತೊಡಗುತ್ತದೆ. ಗಾಡಿ ಕೆಟ್ಟಾಗ ಅದರ ಒಳಗೆ ಕೂತಿದ್ದವನು ಒಬ್ಬನೇ ಸಾಕ್ಷಿ. ಅವನ ಮಾತು ಮೀಟರಿನಲ್ಲಿ ಮೂಡುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಅಳತೆಯಿಂದ ಹೊರಗಿಟ್ಟರೆ, ಮೆಕ್ಯಾನಿಕ್ ಅರ್ಧ ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದಂತೆ. ನನ್ನ ವೃತ್ತಿ ಇಷ್ಟನ್ನು ನನಗೆ ಕಲಿಸಿದ್ದು ನಿವೃತ್ತಿಯಾದ ಮೇಲೆ.

ಒಬ್ಬ ಚಾಲಕರು ವಿಶೇಷವಾಗಿ ಕಾಡಿದರು. ಮಳೆಯಲ್ಲಿ ಘಟ್ಟ ಇಳಿಯುವಾಗ ಮಾತ್ರ ಬ್ರೇಕ್ ಹಿಡಿದರೆ ಬಸ್ಸು ಎಡಕ್ಕೆ ಎಳೆಯುತ್ತದೆ ಎಂದು ಅವರು ಮೂರು ಸಲ ಬರೆದಿದ್ದರು. ಒಣಗಿದ ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿ, ಮೂರು ಸಲವೂ ನಾನು ಅದೇ ಎರಡು ಪದ ಬರೆದಿದ್ದೆ. ಜೊತೆಯವರು ಅವರನ್ನು ಪುಕ್ಕಲು ಎಂದು ಆಡಿಕೊಂಡರು. ಅವರು ಘಟ್ಟದ ಮಾರ್ಗವೇ ಬೇಡವೆಂದು ಬರೆದುಕೊಟ್ಟು ಬೇರೆ ಮಾರ್ಗಕ್ಕೆ ಹೋದರು. ಅಪಘಾತವೇನೂ ಆಗಲಿಲ್ಲ, ಆದ್ದರಿಂದ ನಾನೂ ಮರೆತಿದ್ದೆ.

ಅವರಿವರನ್ನು ಕೇಳಿ ಅವರ ನಂಬರ್ ಹುಡುಕಿದೆ. ನಿವೃತ್ತರಾಗಿ ತಮ್ಮ ಊರಿನಲ್ಲಿದ್ದರು. ಒಂದು ಮಧ್ಯಾಹ್ನ ಫೋನ್ ಮಾಡಿ ನನ್ನ ಹೆಸರು, ಡಿಪೋದ ಹೆಸರು ಹೇಳಿದೆ. ಯಾಕೆ ಫೋನ್ ಮಾಡಿದೆನೆಂದು ನಾನು ಹೇಳಲು ತೊಡಗುವ ಮೊದಲೇ ಅವರು ಹೇಳಿದರು:

"ಸಾಹೇಬ್ರೇ, ಆ ಬಸ್ಸು ಎಡಕ್ಕೆ ಎಳೀತಿತ್ತು."

"ಹೌದು," ಎಂದೆ. "ಎಳೀತಿತ್ತು. ನಾನು ನೋಡ್ಲಿಲ್ಲ."